ಗುರುವಾರದ ಮನೆ

ವಾರಕ್ಕೆ ಏಳು ದಿನ ಇಟ್ಟದ್ದು ಬಡವರ ಮಕ್ಕಳಿಗೆ ಒಂದು ದಿನ ಹೆಚ್ಚೇ ಆಯಿತು ಎಂದು ಜಯತೀರ್ಥನಿಗೆ ಅನ್ನಿಸಿದ್ದು ಗದುಗಿಗೆ ಬಂದ ಎರಡನೆಯ ದಿನ. ಅಷ್ಟು ಹೊತ್ತಿಗೆ ಆರು ದಿನಕ್ಕೆ ಆರು ಮನೆ ಸಿಕ್ಕಿದ್ದವು. ಗುರುವಾರ ಮಾತ್ರ ಸಿಕ್ಕಿರಲಿಲ್ಲ.

ಐವತ್ತಾರನೆಯ ಇಸವಿಯ ಜೂನ್ ತಿಂಗಳು ಅದು. ಬಾಳೆಹೊಸೂರಿನ ಹನುಮಪ್ಪನ ಗುಡಿಯ ಪೂಜೆ ಮಾಡಿಕೊಂಡಿದ್ದ ನರಸಿಂಹಾಚಾರ್ಯರು ಮಗನನ್ನು ಕಾಲೇಜಿಗೆ ಹಚ್ಚಲೆಂದು ಕರೆದುಕೊಂಡು ಬಂದಿದ್ದರು. ಫೀ ಮಾಫಿಯಾಗಿತ್ತು. ಇರಲಿಕ್ಕೆ ಒಂದು ಖೋಲಿಯೂ ಸಿಕ್ಕಿತ್ತು. ಉಳಿದದ್ದು ಊಟದ ಮಾತು. ಖಾನಾವಳಿ ಅವರ ಅಳವಿನದಲ್ಲ. ಊರಿಂದ ದಿನಾ ಬಸ್ಸಿನ ಮೇಲೆ ಬುತ್ತಿ ಕಳಿಸೋಣವೆಂದರೆ, ಹತ್ತು ಕೈ ಮುಟ್ಟಿ ಬಂದ ಅನ್ನ ಆಚಾರ್ಯರ ಮಡಿಗೆ ಸಲ್ಲದು. ಹಾಗಾಗಿ ವಾರವೇ ಗತಿ. ಓದುವ ಬಡ ಹುಡುಗನಿಗೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯವರು ದಿನಕ್ಕೊಬ್ಬರಂತೆ ಉಣ್ಣಲಿಕ್ಕೆ ಹಾಕುವ ರೂಢಿ. ಜಯತೀರ್ಥ ಲಕ್ಷ್ಮೇಶ್ವರದಲ್ಲಿ ನಾಲ್ಕು ವರ್ಷ ಹೀಗೆ ವಾರ ಉಂಡೇ ಮ್ಯಾಟ್ರಿಕ್ ಮುಗಿಸಿದ್ದ. ಕಾಲೇಜಿಗೆ ಹೋದರೆ ಇದೊಂದು ತಪ್ಪೀತು ಎಂದುಕೊಂಡಿದ್ದ. ತಪ್ಪಲಿಲ್ಲ.

ಸಂಜೆಯ ಹೊತ್ತಿಗೆ ಆಚಾರ್ಯರು ಅವನನ್ನು ವೀರನಾರಾಯಣನ ಗುಡಿಯ ಹಿಂದಿನ ಓಣಿಗೆ ಕರೆದೊಯ್ದರು. ತಗ್ಗು ಬಾಗಿಲಿನ ಮನೆ. ಒಳಗೆ ಒಬ್ಬರೇ ಇದ್ದರು. ಭಾಗೀರಥಿಬಾಯಿ, ಎಪ್ಪತ್ತು ದಾಟಿದವರು, ಕೆಂಪು ಸೀರೆಯ ಸೆರಗನ್ನು ತಲೆಯ ತುಂಬ ಹೊದ್ದ ಮಡಿ ಹೆಂಗಸು. ಆಚಾರ್ಯರು ಚಿಕ್ಕವರಿದ್ದಾಗ ಇದೇ ಊರಿನ ಪಾಠಶಾಲೆಯಲ್ಲಿ ಓದುತ್ತ ಇದೇ ಮನೆಯಲ್ಲಿ ಗುರುವಾರ ಉಂಡವರು.

"ನರಸಿಂಗಾ, ಈ ಪಡಸಾಲ್ಯಾಗ ಕೂತು ನೀ ಉಂಡೀದಿ. ನಿನ್ನ ಮಗಗ ಇಲ್ಲ ಅಂತೀನೇನು?" ಎಂದರು ಅವರು. ಎನ್ನುವ ಮುಂಚೆ ಒಂದು ಗಳಿಗೆ ಗೋಡೆಗೆ ಕೈ ಊರಿ ನಿಂತಿದ್ದರು. ಅದನ್ನು ಜಯತೀರ್ಥ ನೋಡಿದ. ಆಚಾರ್ಯರು ನೋಡಲಿಲ್ಲ.

ಹೊರಗೆ ಬಂದ ಮೇಲೆ ಆಚಾರ್ಯರು ನಿಂತು ಹೇಳಿದರು. "ಯಾವ ಮನಿ ತಪ್ಪಿದರೂ ಈ ಮನಿ ತಪ್ಪಸಬ್ಯಾಡ. ಅವರು ಒಪ್ಪತ್ತಿನವರು. ವಾರದ ಹುಡುಗ ಉಂಡು ಎದ್ದ ಮ್ಯಾಲೇ ಉಣ್ಣತಾರ. ಹೊತ್ತು ಮುಳುಗಿದರ ಮುಗೀತು, ಅವತ್ತ ಉಪಾಸ. ಬರೂದು ಆಗದಿದ್ದರ ಮುಂಚೆ ಹೇಳಿ ಬಾ. ನಾ ಮಾತು ಕೊಟ್ಟೇನಿ."

"ಹೂಂ" ಎಂದ ಜಯತೀರ್ಥ.

ಹೀಗೆ ಶುರುವಾಯಿತು. ಸೋಮವಾರದ ಮನೆಯಲ್ಲಿ ಉಣ್ಣುವ ಮುಂಚೆ ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಹಾಕಬೇಕು. ಹಾಕು ಎಂದು ಯಾರೂ ಹೇಳಿರಲಿಲ್ಲ, ಕೊಡಗಳನ್ನು ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು. ಮಂಗಳವಾರದ ಮನೆಯಲ್ಲಿ ಅವರ ಮಗನಿಗೆ ಅಪೂರ್ಣಾಂಕ ಕಲಿಸಬೇಕು, ಆ ಮಗನಿಗೆ ಅದು ಜನ್ಮದಲ್ಲಿ ಬರುವಂತಿರಲಿಲ್ಲ. ಬುಧವಾರ ರಾಘವೇಂದ್ರರಾಯರ ಮನೆ. ಅವರು ವಕೀಲರ ಕಡೆ ಗುಮಾಸ್ತರು, ಕರ್ನಾಟಕ ಒಂದಾಗಬೇಕೆಂದು ಚಳವಳಿಯಲ್ಲಿ ಓಡಾಡಿದವರು. ಪೇಪರಿನಲ್ಲಿ ಬಂದದ್ದನ್ನೆಲ್ಲ ಓದಿ ಹೇಳುವವರೆಗೆ ಅನ್ನ ಆರುತ್ತಿತ್ತು. ಶನಿವಾರದ ಮನೆ ಬೆಟಗೇರಿಯಲ್ಲಿ, ನಡೆದು ಹೋಗುವುದರಲ್ಲಿ ಹಸಿವು ಸತ್ತಿರುತ್ತಿತ್ತು. ರವಿವಾರದ ಮನೆಯಾಕೆ ಸೌಟನ್ನು ಒಂದು ಮೊಳ ಮೇಲೆ ಹಿಡಿದು ಬಡಿಸುತ್ತಿದ್ದಳು, ಸಾರು ಎಲೆಗಿಂತ ಹೆಚ್ಚು ಅಂಗಿಯ ಮೇಲೆ ಬೀಳುತ್ತಿತ್ತು.

ಹೊಟ್ಟೆ ತುಂಬುತ್ತಿರಲಿಲ್ಲವೆಂದಲ್ಲ. ಯಾರೂ ಕೆಟ್ಟವರೆಂದೂ ಅಲ್ಲ. ಆದರೆ ಏಳು ಮನೆಗೆ ಏಳು ಮುಖ ಇಟ್ಟುಕೊಳ್ಳಬೇಕು. ಎಲ್ಲಿ ನಗಬೇಕು, ಎಲ್ಲಿ ಸುಮ್ಮನಿರಬೇಕು, ಎಲ್ಲಿ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಬಹುದು, ಎಲ್ಲಿ ಸಾಕ್ರಿ ಎನ್ನಬೇಕು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಹದಿನೆಂಟು ವರ್ಷದ ಹುಡುಗ ಮುದುಕನ ಹಾಗೆ ದಣಿದಿದ್ದ. ಗುರುವಾರ ಮಾತ್ರ ಏನೂ ಮಾಡಬೇಕಾಗಿರಲಿಲ್ಲ. ಭಾಗೀರಥಿಬಾಯಿ ಮಾತಾಡುತ್ತಿರಲಿಲ್ಲ, ಸಾಕ್ರಿ ಎನ್ನುವುದೊಂದು ಬಿಟ್ಟರೆ ಅವನೂ ಮಾತಾಡುತ್ತಿರಲಿಲ್ಲ. ಉಂಡು ಬರುತ್ತಿದ್ದ.

ಖೋಲಿಯಲ್ಲಿ ಜೊತೆಗಿದ್ದವನು ಅಂತೂರ ಬೆಂತೂರಿನ ಹುಚ್ಚೀರಪ್ಪ, ಒಕ್ಕಲುತನದ ಮನೆಯವನು. ಅವನಿಗೆ ಊರಿಂದ ಬುತ್ತಿ ಬರುತ್ತಿತ್ತು.

"ಏನಲೇ ಆಚಾರಿ, ಇವತ್ತ ಯಾರ ಮನಿ ಅಳಿಯಾ ನೀ?" ಎಂದು ದಿನಾ ಕೇಳುವನು.

"ಸೋಮವಾರದವರ ಮನಿ."

"ಏಳು ಮನಿ ಅಳಿಯಾ ಆದ್ರೂ ಒಬ್ಬರೂ ಹೆಣ್ಣ ಕೊಡವಲ್ಲರು ನೋಡು. ನಂದೂ ಅಷ್ಟ ಬಿಡು. ನಮ್ಮವ್ವ ಬಡದ ರೊಟ್ಟಿ ಇಲ್ಲಿಗೆ ಬರೂದ್ರಾಗ ಹಂಚ ಆಗಿರತಾವ. ಅವನ್ನ ಹೊದಿಸಿದರ ಮನಿ ಸೋರಂಗಿಲ್ಲ."

ಜುಲೈ ತಿಂಗಳಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಹುಚ್ಚೀರಪ್ಪನೇ ಸುದ್ದಿ ತಂದ. ಊರಿನ ವ್ಯಾಪಾರಸ್ಥರು ಕೂಡಿ ಕಾಲೇಜಿನ ಹುಡುಗರಿಗೆ ಬೋರ್ಡಿಂಗ್ ತೆಗೆಯುತ್ತಾರೆ, ಎರಡೂ ಹೊತ್ತು ಊಟ, ಬಡವರಿಗೆ ಹತ್ತು ಜಾಗ ಬಿಟ್ಟಿ. ಜಯತೀರ್ಥ ಓಡಿ ಹೋಗಿ ಹೆಸರು ಬರೆಸಿದ. ಮ್ಯಾಟ್ರಿಕ್ಕಿನ ಅಂಕ ನೋಡಿ ಅಲ್ಲೇ ಜಾಗ ಕೊಟ್ಟರು.

"ಮುಂದಿನ ಶುಕ್ರವಾರದಿಂದ ಊಟ ಚಾಲೂ," ಎಂದ ಕಚೇರಿಯ ಕಾರಕೂನ. "ವಾರಾನೂ ಉಣ್ಣತೀನಿ, ಇದೂ ಬೇಕು ಅಂದ್ರ ನಡಿಯಂಗಿಲ್ಲ. ಒಂದ ಹಿಡಿ. ಇನ್ನೊಂದ ಮಾತ, ಇಲ್ಲಿ ಜಾತಿಗೊಂದು ಸಾಲು ಹಾಕಂಗಿಲ್ಲ. ಎಲ್ಲಾರೂ ಕೂಡೇ ಕುಂಡ್ರೂದು. ನಿಮ್ಮಪ್ಪ ಒಪ್ತಾನೇನು?"

"ಒಪ್ತಾರ್ರಿ" ಎಂದ ಜಯತೀರ್ಥ. ಒಪ್ಪುವುದಿಲ್ಲವೆಂದು ಗೊತ್ತಿತ್ತು. ಕೇಳಿದರೆ ತಾನೆ ಬೇಡ ಎನ್ನುವುದು. ಆಮೇಲೆ ಬರೆದರಾಯಿತು ಎಂದು ಮನಸ್ಸನ್ನು ಸುಮ್ಮನಾಗಿಸಿದ. ಯಾರ ಉಪಕಾರವೂ ಇಲ್ಲದ ಅನ್ನ, ಬರೀ ಗಂಟೆ ಹೊಡೆದಾಗ ಹೋಗಿ ಕೂತು ಉಂಡು ಬರುವ ಅನ್ನ. ಅಷ್ಟೇ ಅವನಿಗೆ ಬೇಕಾಗಿತ್ತು.

ಅವತ್ತಿನಿಂದಲೇ ಉಂಡ ಮನೆಯಲ್ಲೆಲ್ಲ ಹೇಳುತ್ತ ಬಂದ. ಶುಕ್ರವಾರದವರು ಒಳ್ಳೇದಾತು ಎಂದರು. ಶನಿವಾರದವರಿಗೆ ಅವನು ಯಾವತ್ತಿನವನೆಂದು ನೆನಪು ಮಾಡಿಕೊಡಬೇಕಾಯಿತು. ರವಿವಾರದಾಕೆ ಅವತ್ತೊಂದು ದಿನ ಸೌಟು ಕೆಳಗೆ ಹಿಡಿದು ಬಡಿಸಿದಳು. ಸೋಮವಾರದಾಕೆ ಬಾವಿಯ ಕಡೆ ನೋಡಿದಳು. ಮಂಗಳವಾರದ ಹುಡುಗ ಸಂತೋಷದಿಂದ ಲೆಕ್ಕದ ಪಾಟಿಯನ್ನು ಗೋಡೆಯ ಮಾಡದಲ್ಲಿಟ್ಟ.

ಬುಧವಾರ ರಾಘವೇಂದ್ರರಾಯರು ಪೇಪರನ್ನು ಮಡಿಚಿಟ್ಟರು. "ಲಕ್ಷ್ಮೇಶ್ವರ ಮಿರಜದವರ ಕೈಯಾಗಿತ್ತು, ಶಿರಹಟ್ಟಿ ಸಾಂಗಲಿಯವರ ಕೈಯಾಗ, ಮುಂಡರಗಿ ಮುಂಬಯಿಗೆ. ಇವನ್ನೆಲ್ಲಾ ಒಂದ ಪಂಕ್ತಿಗೆ ಕೂಡಸ್ರಿ ಅಂತ ಗಂಟಲಾ ಹರಕೊಂಡಾಂವ ನಾನು. ದೀಪಾವಳಿ ಹೊತ್ತಿಗೆ ಕನ್ನಡ ನಾಡೆಲ್ಲಾ ಕೂಡತದಂತ. ನೀ ಯಾರದೋ ಬಾಜೂ ಕೂತು ಉಂಡರ ನಾ ಏನನ್ನಲಿ?"

ಒಳಗಿನಿಂದ ಅವರ ಹೆಂಡತಿ ಕಮಲಾಬಾಯಿ, "ಭಾಷಣಾ ಬ್ಯಾರೆ, ಊಟಾ ಬ್ಯಾರೆ" ಎಂದರು. ರಾಯರು ಮತ್ತೆ ಪೇಪರು ಬಿಚ್ಚಿದರು.

ಮರುದಿನ ಗುರುವಾರ ಆಷಾಢದ ಏಕಾದಶಿ. ಯಾರ ಮನೆಯಲ್ಲೂ ಒಲೆ ಹೊತ್ತಿಸುವ ದಿನವಲ್ಲ, ಭಾಗೀರಥಿಬಾಯಿಯವರ ಮನೆಯಲ್ಲಂತೂ ನೀರೂ ಇಲ್ಲ. ಜಯತೀರ್ಥ ಚಾಪೆಯ ಮೇಲೆ ಬಿದ್ದುಕೊಂಡು ಓದಿದ. ಉಣ್ಣುವುದಿಲ್ಲವಾದ್ದರಿಂದ ಆ ಓಣಿಯ ಕಡೆ ಹೋಗುವ ಕೆಲಸವೂ ಬೀಳಲಿಲ್ಲ. ಉಂಡ ಕಡೆ ಹೇಳಿ ಬರಬೇಕು ಎಂದು ಮನಸ್ಸಿಗೆ ಒಪ್ಪಿಸಿದ್ದ. ಗುರುವಾರ ಉಣ್ಣಲಿಲ್ಲ, ಹೇಳಲೂ ಇಲ್ಲ. ಆರು ಕಡೆ ಹೇಳಿದ ದಣಿವಿಗೆ ಏಳೂ ಮುಗಿದವೆಂದೇ ಅನ್ನಿಸಿತ್ತು.

ಶುಕ್ರವಾರ ಬೋರ್ಡಿಂಗಿನ ಮೊದಲ ಊಟ. ಬಡಿಸುವಾಕೆ ಫಕ್ಕೀರವ್ವ, ಗಟ್ಟಿ ದನಿಯ ಹೆಂಗಸು. ಒಂದು ರೊಟ್ಟಿಯಾದ ಮೇಲೆ ಜಯತೀರ್ಥ ರೂಢಿಯಂತೆ "ಸಾಕ್ರಿ" ಎಂದ. ಆಕೆ ಮುಂದೆ ಹೋಗಿಬಿಟ್ಟಳು. ಇನ್ನೊಂದು ಸಲ ಕೇಳುವ ಉಪಚಾರ ಅಲ್ಲಿರಲಿಲ್ಲ. ಬುತ್ತಿ ಬಿಡಿಸಿ ತಾನೂ ಬೋರ್ಡಿಂಗು ಸೇರಿದ್ದ ಹುಚ್ಚೀರಪ್ಪ ಪಕ್ಕದಿಂದ ಆಕೆಯನ್ನು ಹಿಂದಕ್ಕೆ ಕರೆದ.

"ಯವ್ವಾ, ಇವಗ ಇನ್ನೆರಡ ಹಾಕ. ಇಂವಾ ಸಾಕ ಅಂದ್ರ ಹಾಕು ಅಂದಂಗ. ನಾಕು ವರ್ಷದ ಚಟಾ."

"ಹಂಗಂತ ಬಾಯಿ ಬಿಟ್ಟ ಹೇಳಬೇಕಪಾ," ಎಂದಳು ಫಕ್ಕೀರವ್ವ. "ನಾ ಏನ್ ಹೊಟ್ಟಿ ಬಗದ ನೋಡ್ಲಿ?"

ಜಯತೀರ್ಥ ಮೂರು ರೊಟ್ಟಿ ಉಂಡ. ಉಂಡವನು ಮಧ್ಯಾಹ್ನವೆಲ್ಲ ನಿದ್ದೆ ಮಾಡಿದ.

ಹೀಗೆ ವಾರ ಕಳೆಯಿತು. ಗುರುವಾರ ಬಂದದ್ದು ಅವನಿಗೆ ಗೊತ್ತೂ ಆಗಲಿಲ್ಲ. ಅವತ್ತು ಬೋರ್ಡಿಂಗಿನಲ್ಲಿ ಎಣ್ಣೆಗಾಯಿ ಮಾಡಿದ್ದರು.

ಶುಕ್ರವಾರ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಗುಡಿಯ ಹತ್ತಿರ ವಿಮಲಾಬಾಯಿ ಎದುರಾದರು. ಭಾಗೀರಥಿಬಾಯಿಯವರ ಪಕ್ಕದ ಮನೆಯವರು.

"ಏನೋ ತಮ್ಮಾ, ಮೈಯಾಗ ಹುಷಾರ ಇರಲಿಲ್ಲೇನು?"

"ಯಾಕ್ರಿ?"

"ನಿನ್ನೆ ಗುರುವಾರ ಅಲ್ಲೇನೋ. ಮುದುಕಿ ಎಲಿ ಹಾಕಿಟ್ಟು ಹೊಸ್ತಿಲದಾಗ ಕೂತಿದ್ದರು. ಉಣ್ಣಬಾರದ್ಯಾಕ್ರಿ ಅಂದೆ, ಹುಡುಗ ಬರತಾನ ಅಂದರು. ಹೊತ್ತು ಮುಳುಗಿತು, ಎಲಿ ಎತ್ತಿ ಆಕಳಿಗೆ ಹಾಕಿ ಮಲಗಿದರು."

ಜಯತೀರ್ಥ ಕಾಲೇಜಿನಲ್ಲಿ ಕೂತ, ಆದರೆ ಪಾಠ ಕೇಳಲಿಲ್ಲ. ಬುಧವಾರ ಮಧ್ಯಾಹ್ನ ಉಂಡ ಜೀವ. ಇವತ್ತಿನ ಮಧ್ಯಾಹ್ನದವರೆಗೆ ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತ, ಹಾಕುವುದನ್ನು ಬಿಡುತ್ತ ಇದ್ದ. ತಂದೆಯ ಮಾತು ತಪ್ಪಿಸಿದ್ದು ಒಂದು. ಅದಕ್ಕಿಂತ, ಏನೂ ಕೇಳದೆ ಉಣ್ಣಿಸಿದ ಒಂದೇ ಮನೆಯನ್ನು ಮರೆತದ್ದು. ಈಗ ಹೋದರೆ ಅವರು ವಾರ ಬಿಡಬೇಡ ಎಂದಾರು. ಅಂದರೆ ಇಲ್ಲ ಎನ್ನುವ ಬಾಯಿ ತನಗಿಲ್ಲ. ಬೋರ್ಡಿಂಗು ಹೋದಂತೆಯೇ.

ಗಂಟೆ ಹೊಡೆದಾಗ ಬೋರ್ಡಿಂಗಿಗೆ ಹೋಗದೆ ಆ ಓಣಿಗೆ ಹೋದ.

ಭಾಗೀರಥಿಬಾಯಿ ಒಲೆಯ ಮೇಲಿನ ಅನ್ನ ಇಳಿಸಿ ಪಡಸಾಲೆಗೆ ಬಂದರು. ಮುಖ ಸಣ್ಣದಾಗಿತ್ತು. "ಜ್ವರ ಬಂದಿತ್ತೇನೋ?" ಎಂದು ಕೇಳಿದರು.

ಹೂಂ ಎಂದುಬಿಡಬಹುದಿತ್ತು. ಅನ್ನಲಿಲ್ಲ. "ಇಲ್ರಿ. ಬೋರ್ಡಿಂಗ್ನಾಗ ಉಣ್ಣಲಿಕ್ಕೆ ಹತ್ತೇನಿ. ಎಲ್ಲಾರಿಗೂ ಹೇಳಿದೆ. ನಿಮಗ ಹೇಳೂದು ಮರತೆ. ಏಕಾದಶಿ ಇತ್ತಲ್ರಿ, ಬರಲಿಲ್ಲ, ಹಂಗs ತಲಿಯಿಂದ ಹೋತು."

ಅವರು ಗೋಡೆಗೆ ಒರಗಿ ಕೂತರು.

"ಪಂಕ್ತಿ ಹೆಂಗ?"

"ಎಲ್ಲಾರೂ ಕೂಡೇ."

"ಈಗ ಚಾತುರ್ಮಾಸ. ಕಾಯಿಪಲ್ಯ ಮುಟ್ಟೂ ಹಂಗಿಲ್ಲ. ಅಲ್ಲೆ ಏನು ಮಾಡತಾರ?"

"ನಿನ್ನೆ ಬದನಿಕಾಯಿ ಮಾಡಿದ್ರು."

"ತಿಂದಿ?"

"ತಿಂದೆ."

"ಛಲೋ ಆಗಿತ್ತೇನು?"

ಅವನು ತಲೆ ಎತ್ತಿ ನೋಡಿದ. ಕೇಳಿದ್ದು ಚುಚ್ಚಲಿಕ್ಕಲ್ಲ. "ಛಲೋ ಆಗಿತ್ರಿ" ಎಂದ.

ಭಾಗೀರಥಿಬಾಯಿ ಕೈ ಚಾಚಿ ಗೂಡಿನಲ್ಲಿದ್ದ ಪಂಚಾಂಗ ತೆಗೆದರು. ಅದರ ನಡುವೆ ಒಂದು ಬರೆಯದ ಅಂಚೆ ಕಾರ್ಡು ಇತ್ತು.

"ಇದನ್ನ ವಿಮಲನ ಕಡಿಂದ ತರಿಸಿ ಮೂರು ವಾರ ಆತು. ನರಸಿಂಗಗ ಬರಸಬೇಕಂತ. ನನಗ ಆಗವಲ್ತು, ಮಗನ ವಾರ ಬ್ಯಾರೆ ಕಡೆ ನೋಡಪಾ ಅಂತ. ಒಲಿ ಮುಂದ ಕೂತರ ಏಳಲಿಕ್ಕೆ ಆಗೂದಿಲ್ಲ. ನಮ್ಮ ಮಾವನವರು ಹಾಕಿಕೊಟ್ಟ ವ್ರತ, ನಲವತ್ತ ವರ್ಷ ಗುರುವಾರ ಒಂದೂ ತಪ್ಪಿಲ್ಲ. ನನಗ ಬರೀಲಿಕ್ಕೆ ಬರೂದಿಲ್ಲ. ಬರದುಕೊಡಾಂವ ನೀನs. ಉಣ್ಣೂ ಹುಡುಗನ ಮುಂದ ಕಾರ್ಡ್ ಹೆಂಗ ಇಡೂದು? ಉಂಡ ಮ್ಯಾಲ ಹೇಳೋಣಂತೀನಿ, ನೀ ಎದ್ದು ಹೋಗಿರತಿ."

ಜಯತೀರ್ಥನಿಗೆ ದಾರಿ ತಾನಾಗಿ ತೆರೆದಿತ್ತು. "ಹಂಗಾದರ ಅದನ್ನs ಬರೀಲೇನ್ರಿ? ನಿಮಗ ಆಗೂದಿಲ್ಲಂತ?"

"ಬ್ಯಾಡ."

"ಖರೇನs ಅಲ್ರಿ ಅದು?"

"ಖರೆ. ಆದರ ನಾ ಬರಸಲಿಲ್ಲ. ನಿನ್ನೆ ಹೊಸ್ತಿಲದಾಗ ಕೂತಾಕಿ ನಾನು. ಬಾರದಾಂವ ನೀನು. ಈ ಮನಿ ಬಿಡಸ್ತು ಅಂತ ಬರಿಬ್ಯಾಡ, ನಾ ಬಿಟ್ಟೆ ಅಂತ ಬರಿ. ಬೈದರ ಬೈಸಿಕೋ. ನಿನಗಂತ ಬೈಲಿಕ್ಕೆ ಅಪ್ಪರೆ ಇದ್ದಾನ."

ಅವನು ಪೆನ್ನು ತೆಗೆದು ನೆಲದ ಮೇಲೆ ಕೂತು ಬರೆದ. ಬರೆದದ್ದನ್ನು ಓದು ಎಂದರು. ಓದಿದ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಬೋರ್ಡಿಂಗಿನಲ್ಲಿ ಉಣ್ಣುತ್ತಿದ್ದೇನೆ, ನಿಮ್ಮನ್ನು ಕೇಳದೆ ಮಾಡಿದೆ, ಎಲ್ಲ ಜಾತಿಯವರೂ ಒಂದೇ ಪಂಕ್ತಿ, ಚಾತುರ್ಮಾಸದಲ್ಲಿ ಬದನೆಕಾಯಿ ತಿಂದೆ, ಗುರುವಾರದ ಮನೆಗೆ ಹೇಳದೆ ತಪ್ಪಿಸಿದೆ, ಅವರು ಉಪವಾಸ ಮಲಗಿದರು.

"ಬದನಿಕಾಯಿ ಹೊಡದ ಹಾಕು," ಎಂದರು ಭಾಗೀರಥಿಬಾಯಿ. "ಅದು ಅವಗ ಯಾಕ ಬೇಕು? ಅದರ ಜಾಗಾದಾಗ, ಹೊಟ್ಟಿ ತುಂಬ ಉಣ್ಣತೀನಿ ಅಂತ ಬರಿ. ಉಣ್ಣತಿ ಹೌದಲ್ಲೋ?"

"ಹೌದ್ರಿ."

"ನನ್ನ ಮನ್ಯಾಗ ಒಂದ ದಿನಾನೂ ಉಂಡಿಲ್ಲ ನೀ. ಸಾಕ್ರಿ ಸಾಕ್ರಿ ಅಂತಿದ್ದಿ. ನನಗೂ ಏಳಲಿಕ್ಕೆ ಆಗತಿರಲಿಲ್ಲ, ಸಾಕಂದರ ಸಾಕು ಅಂತ ಬಿಡತಿದ್ದೆ." ಗೋಡೆ ಹಿಡಿದು ಎದ್ದರು. "ಇನ್ನ ನಡಿ. ಇವತ್ತ ಒಬ್ಬಾಕಿಗೇ ಮಾಡೇನಿ. ನೀ ಇಲ್ಲೆ ಕೂತರ ನಾ ಉಣ್ಣೂ ಹಂಗಿಲ್ಲ."

ಅವನು ನಮಸ್ಕಾರ ಮಾಡಿ ಹೊರಗೆ ಬಂದ. ಒಳಗಿಂದ ಬಾಗಿಲು ಹಾಕಿಕೊಂಡ ಸದ್ದಾಯಿತು.

ಬೋರ್ಡಿಂಗಿನಲ್ಲಿ ಎರಡನೆಯ ಸಾಲೂ ಎದ್ದಿರಬೇಕು. ಫಕ್ಕೀರವ್ವ ಯಾರಿಗಾಗಿಯೂ ತೆಗೆದಿಡುವವಳಲ್ಲ. ಜಯತೀರ್ಥ ಕಾರ್ಡು ಹಿಡಿದುಕೊಂಡು ಎದುರು ಮನೆಯ ಕಟ್ಟೆಯ ಮೇಲೆ ಕೂತ. ಹಸಿವಾಗಿತ್ತು. ಒಳಗಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ತಂಬಿಗೆ ನೆಲಕ್ಕೆ ಇಟ್ಟ ಸದ್ದು. ಮತ್ತೆ ಬಹಳ ಹೊತ್ತು ಏನೂ ಇಲ್ಲ. ಕಡೆಗೆ ಹಿತ್ತಲ ಕಡೆ ಕೈ ತೊಳೆದ ನೀರು ಬಿದ್ದ ಸದ್ದು ಕೇಳಿಸಿತು.

ಆಗ ಎದ್ದು ಅಂಚೆ ಡಬ್ಬಿಯ ಕಡೆ ನಡೆದ.