ಹಲಗೆಯ ಮೇಲಿನ ನೀರು

ಊರಿನ ಭೀಷ್ಮ ಕೆರೆಯನ್ನೆಲ್ಲ ತನ್ನ ಅಕ್ವೇರಿಯಮ್ಮಿಗೆ ಸುರಿದರೂ ಇನ್ನೆರಡು ಕೊಡ ನೀರಿಗೆ ಜಾಗ ಉಳಿಯುತ್ತದೆಂದು ಮೌನೇಶ ತಾನು ಪಾಠ ಹೇಳುವ ಕಾಲೇಜಿನಲ್ಲಿ ಹೇಳಿಬಂದಿದ್ದ. ಯಾರೂ ನಗಲಿಲ್ಲ. ಯಾಕೆ ನಗಲಿಲ್ಲ?

ಬೆಟಗೇರಿಯ ಆ ಹಳೆಯ ಮನೆಯ ಮಹಡಿಗೆ ತೇಗದ ಹಲಗೆಯ ನೆಲ. ಮೇಲೆ ಬಾಡಿಗೆಗೆ ಅವನೊಬ್ಬನೇ. ಕೆಳಗೆ ಮನೆಯೊಡತಿ ಸಾವಿತ್ರೆವ್ವ, ಬಾಣಂತನಕ್ಕೆ ಬಂದ ಮಗಳು ಅಂಕಿತಾ, ಅವಳ ಕೂಸು. ಇವನು ನಡೆದಾಡಿದರೆ ಕೆಳಗಿನ ಮಾತು ನಿಲ್ಲುತ್ತಿತ್ತು; ನಿಂತರೆ ಶುರುವಾಗುತ್ತಿತ್ತು. ತನ್ನ ಬಗ್ಗೆಯೇ ಮಾತು, ಇನ್ಯಾರ ಬಗ್ಗೆ?

ಬೆಳಿಗ್ಗೆ ಸಾವಿತ್ರೆವ್ವ ಮೆಟ್ಟಿಲಲ್ಲೇ ನಿಂತು ಕೇಳಿದಳು.

"ಸರ, ಇವತ್ತ ಕೂಸಿನ್ನ ತೊಟ್ಲಾಗ ಹಾಕ್ತೀವಿ. ನಿಮ್ಮ ಮೀನಿನ ಪೆಟ್ಟಿಗಿ ಬುಡಕನ ಕಟ್ಟೂದು. ಹಲಗಿ ತಡೀತೈತಲ್ರಿ?"

"ಏನ್ ಕೇಳ್ತೀರಿ! ಮೂರು ಪದರ ಪ್ಲೈವುಡ್, ಮ್ಯಾಲ ರಬ್ಬರ್. ತೊಲಿಗೆ ಅಡ್ಡ ಇಟ್ಟೀನಿ. ಲಕ್ಕುಂಡಿ ಗುಡಿ ತಂದಿಟ್ರೂ ಜಗ್ಗಂಗಿಲ್ಲ."

"ಗುಡಿ ಬ್ಯಾಡ್ರಿ. ಕೂಸು ಮಲಗತೈತಿ, ಅದಕ್ಕ ಕೇಳಿದೆ."

ಇಳಿದುಹೋದಳು. ಕೆಳಗೆ ಯಾರೋ ನಕ್ಕರು. ಅವನು ಬೋರಲು ಬಿದ್ದು ಹಲಗೆಗೆ ಕಿವಿಯಿಟ್ಟ. ಪಾತ್ರೆಯ ಸದ್ದು. ಕಣ್ಣೆದುರಿಗೆ ಅಕ್ವೇರಿಯಮ್ಮಿನ ಕಾಲು. ತೊಲೆಗೆ ಅಡ್ಡಲಾಗಿ ಇಟ್ಟಿದ್ದರೆ ಅದು ಕತ್ತಲ ಗೋಡೆಗೆ ಹೋಗುತ್ತಿತ್ತು. ಓಣಿಗೆ ಕಾಣುವುದು ಕಿಟಕಿಯಷ್ಟೆ. ಅಲ್ಲೇ ಇಟ್ಟಿದ್ದ, ಎರಡು ತೊಲೆಗಳ ನಡುವೆ, ಒಂದೇ ಹಲಗೆಯ ಮೇಲೆ.

ಮಧ್ಯಾಹ್ನ ಬೇಯಿಸಿದ ಕಾಳಿನ ಗುಗ್ಗರಿ ತಿನ್ನಲು ಕರೆದರು. ತನ್ನನ್ನೇ ಯಾಕೆ ಕರೆದರು ಎಂದುಕೊಳ್ಳುತ್ತಲೇ ಇಳಿದ.

ತೊಟ್ಟಿಲು ಸಿದ್ಧವಾಗಿತ್ತು. ಕೂಸು ಇನ್ನೂ ಅಂಕಿತಾಳ ಮಡಿಲಲ್ಲಿತ್ತು. ಓಣಿಯ ಹೆಂಗಸರು ಹಾಡು ನಿಲ್ಲಿಸಿದ್ದರು.

"ಮ್ಯಾಲ ನೋಡ್ರಿ ಸರ," ಎಂದಳು ಅಂಕಿತಾ.

ತೊಲೆಗಳ ನಡುವೆ ಆ ಒಂದು ಹಲಗೆ ಬಸುರಿಯ ಹೊಟ್ಟೆಯಂತೆ ಕೆಳಗಿಳಿದಿತ್ತು.

"ಅದು ಹಳೇ ಬಾಗು. ಮೊದಲಿಂದನೂ..."

"ಹಂಗಾರ ಆತಲ್ಲ," ಸಾವಿತ್ರೆವ್ವ ಚಾಪೆ ಹಾಸಿದಳು. "ಅದರ ಬುಡಕ ಕುಂಡ್ರಿ. ಗುಗ್ಗರಿ ತಿನ್ರಿ. ಆಮ್ಯಾಲ ಕೂಸಿನ್ನ ಹಾಕ್ತೀವಿ."

ಅವನು ಕೂರಲಿಲ್ಲ. ಅಂಕಿತಾ ಕೂಸನ್ನು ಎತ್ತಿಕೊಂಡು ತೊಟ್ಟಿಲತ್ತ ಒಂದು ಹೆಜ್ಜೆ ಇಟ್ಟಳು.

"ಬ್ಯಾಡ್ರಿ!" ದನಿ ಅವನದೇ. "ಪ್ಲೈವುಡ್ ಇಲ್ಲ. ರಬ್ಬರೂ ಇಲ್ಲ. ಒಂದು ಚಾದರ ಐತಿ, ಅಷ್ಟ. ಓಣ್ಯಾಗಿನವರಿಗೆ ಕಾಣ್ಲಿ ಅಂತ ಕಿಡಕಿ ಕಡೆ ಇಟ್ಟೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಒಬ್ಬೊಬ್ಬರಾಗಿ ಹಿತ್ತಲಿಗೆ ಹೋದರು, ಅಂಕಿತಾಳೂ ಕೂಸನ್ನು ಎತ್ತಿಕೊಂಡು ಹೋದಳು.

ಖಾಲಿ ತೊಟ್ಟಿಲು ತೂಗುತ್ತಿತ್ತು. ಯಾರ ಸೆರಗು ತಾಗಿತ್ತೋ. ನಿಲ್ಲಿಸಲು ಕೈ ಚಾಚಿದ. ಮೇಲಿನ ಬಾಗಿದ ಹಲಗೆಯ ಅಂಚಿನ ನೇರದವರೆಗೆ ಬಂದ ಕೈ ಅದರ ಅಡಿಗೆ ಹೋಗಲಿಲ್ಲ.