ಪರದೆಯ ನಾಲ್ಕು ಮೂಲೆಗೆ ಅರಿಶಿನ

ಮುತ್ತುರಾಜ್ ಮೌಸನ್ನು ಪರದೆಯ ಬಲ ಮೇಲ್ಮೂಲೆಗೆ ಓಡಿಸಿ, ಕಾಣದ ಗುರುತಿನ ಮೇಲೆ ಅಂದಾಜಿನಿಂದ ಇನ್ನೊಮ್ಮೆ ಒತ್ತಿದ. ಪರದೆ ತುಂಬ ಒರಗಿಕೊಂಡಿದ್ದ ಹೆಂಗಸು ಹೋಗಲಿಲ್ಲ. ಅವಳ ಪಕ್ಕಕ್ಕೆ ಇನ್ನೊಬ್ಬಳು ಬಂದು ಕೂತಳು. ‘ಒಂಟಿತನ ಕಾಡುತ್ತಿದೆಯೇ? ಎರಡೇ ಕಿಲೋಮೀಟರ್ ದೂರದಲ್ಲಿ ನಿಮಗಾಗಿ ಕಾಯುತ್ತಿದ್ದಾರೆ’ ಎಂಬ ಸಾಲು ಇಬ್ಬರ ಭುಜದ ಮೇಲೂ ಮಿನುಗಿತು. ಅವರ ಹಿಂದೆ ಅರ್ಧಂಬರ್ಧ ಕಾಣುತ್ತಿದ್ದದ್ದು ಅವನದೇ ಲಗ್ನಪತ್ರಿಕೆ.

ಅವನು ಕರ್ಚೀಫು ತೆಗೆದದ್ದೇ ತಡ, ಬೆನ್ನ ಹಿಂದಿನಿಂದ ದೊಡ್ಡಬೈರಪ್ಪನವರ ದನಿ ಬಂತು. “ಅರಿಸಿನ ಒರೆಸ್ಬ್ಯಾಡ.”

ದೊಡ್ಡಬೈರಪ್ಪನವರು ಮದುವೆಯ ಹುಡುಗಿ ಬಿಂದುವಿನ ತಾತ. ಅವರ ಮನೆತನದಲ್ಲಿ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಮುಟ್ಟಿಸದೆ ಯಾರೂ ಅದರ ಮೊದಲ ಅಕ್ಷರ ಓದುವಂತಿಲ್ಲ. ಈಗಿನ ಪತ್ರಿಕೆ ಮೊದಲು ಕಣ್ಣು ಬಿಡುವುದು ಕಂಪ್ಯೂಟರಿನಲ್ಲಿ, ಅದೂ ಮನೆಯಲ್ಲೇ ಪತ್ರಿಕೆ ಟೈಪು ಮಾಡಿ ಪ್ರೆಸ್ಸಿಗೆ ಕಳಿಸುವ ಚಾಮರಾಜಪೇಟೆಯ ಯಶೋಧರಾ ಅವರ ಹಜಾರದಲ್ಲಿ. ಹಾಗಾಗಿ ಅವರು ಆಕೆಯ ಅಡುಗೆಮನೆಯಿಂದಲೇ ಅರಿಶಿನ ತರಿಸಿ, ನೀರಲ್ಲಿ ಕಲಸಿ, ಪರದೆಯ ನಾಲ್ಕು ಮೂಲೆಗೂ ಹೆಬ್ಬೆರಳಗಲ ಮೆತ್ತಿದ್ದರು. ಜಾಹೀರಾತು ಮುಚ್ಚುವ ಇಂಟು ಗುರುತು ಸರಿಯಾಗಿ ಅದರಡಿಯಲ್ಲಿ ಹೂತುಹೋಗಿತ್ತು. ಪ್ರೂಫ್ ಓದಿ ಮುಗಿಸುವ ಮೊದಲು ಒರೆಸಿದರೆ ಅಪಶಕುನ. ಅರೆಬತ್ತಲೆ ಹೆಂಗಸರು ನಡುವೆ ಬಂದು ಕೂತರೆ ಏನು ಶಕುನ ಎಂದು ಹಿರಿಯರು ಯಾರೂ ಹೇಳಿ ಹೋಗಿರಲಿಲ್ಲ.

ಯಶೋಧರಾ ಕಾಫಿ ಮಾಡಲು ಒಳಗೆ ಹೋಗಿದ್ದರು. ಗಂಡಿನ ಕಡೆಯ ಹೆಸರುಗಳ ಪಟ್ಟಿ ಮೇಲ್‌ನಲ್ಲಿದೆಯೆಂದು ಮುತ್ತುರಾಜ್ ಅವರ ಕುರ್ಚಿಯಲ್ಲಿ ಕೂತು ತನ್ನ ಮೇಲ್ ತೆರೆದಿದ್ದ. ಅದೇ ಹೊತ್ತಿಗೆ ಈ ಮೆರವಣಿಗೆ ಶುರುವಾಯಿತು.

ಬಿಂದು ಮೊದಮೊದಲು ದುಪಟ್ಟಾ ಬಾಯಿಗೆ ತುರುಕಿಕೊಂಡು ನಕ್ಕಳು. ಆಗ ಅವಳ ಚಿಕ್ಕಪ್ಪ ಪುಟ್ಟಯ್ಯ ಕೆಮ್ಮಿ, ಇವು ಸುಮ್ಮಸುಮ್ಮನೆ ಬರುವಂಥವಲ್ಲ ಎಂದು ವಿವರಿಸತೊಡಗಿದರು. ವಾಟ್ಸಪ್ಪಿನಲ್ಲಿ ಓದಿದ್ದನ್ನು ಕೋರ್ಟಿನ ತೀರ್ಪಿನ ಹಾಗೆ ಹೇಳುವ ಚಟ ಅವರದು. ಎದುರಿಗೆ ಕೂತವನು ಯಾರೆಂದು ಯಂತ್ರಕ್ಕೆ ಗೊತ್ತಾಗುತ್ತದಂತೆ. ಅವನು ಕದ್ದುಮುಚ್ಚಿ ಏನು ನೋಡುತ್ತಾನೋ ಅದನ್ನೇ ತಂದು ಬಡಿಸುತ್ತದಂತೆ. ತಾವು ಒಮ್ಮೆ ಗ್ರೈಂಡರ್ ಹುಡುಕಿದ್ದಕ್ಕೆ ದಸರಾವರೆಗೂ ಗ್ರೈಂಡರುಗಳೇ ಬೆನ್ನು ಹತ್ತಿದ್ದವಂತೆ.

ಬಿಂದುವಿನ ನಗು ನಿಂತಿತು.

ಮೇಲ್ ತೆರೆದು ಎಷ್ಟು ಹೊತ್ತಾಯಿತು ಎಂದು ದೊಡ್ಡಬೈರಪ್ಪ ಕೇಳಿದರು. ಹತ್ತು ನಿಮಿಷ. ಅದಕ್ಕೆ ಮೊದಲು ಈ ಹೆಣ್ಣುಮಕ್ಕಳು ಬಂದಿದ್ದರೇ? ಇಲ್ಲ. ಮುದುಕರು ಪ್ರೂಫ್ ತಿದ್ದಲು ತಂದಿದ್ದ ಪೆನ್ನಿಗೆ ಕ್ಯಾಪು ಹಾಕಿ, ಪತ್ರಿಕೆ ಇವತ್ತು ಪ್ರೆಸ್ಸಿಗೆ ಹೋಗುವುದು ಬೇಡ, ಮನೆಗೆ ಹೋಗಿ ಯೋಚಿಸೋಣ ಎಂದರು. ಪಿಯು ಹುಡುಗರಿಗೆ ದಿನಾ ಭೌತಶಾಸ್ತ್ರ ಅರೆದು ಕುಡಿಸುವ ಮುತ್ತುರಾಜ್‌ಗೆ, ತಾನು ಇಂಥದ್ದನ್ನು ಹುಡುಕಿಲ್ಲ ಎಂಬುದನ್ನು ಹೇಗೆ ಸಾಧಿಸಿ ತೋರಿಸಬೇಕೆಂದು ಹೊಳೆಯಲಿಲ್ಲ. ಅವನು ಬಿಂದುವಿನ ಕಡೆ ನೋಡಿದ. ಅವಳು ಅರಿಶಿನ ನೋಡುತ್ತಿದ್ದಳು.

ಕಾಫಿ ತಂದ ಯಶೋಧರಾ ಪರದೆ ನೋಡಿದರು, ಮುಖಗಳನ್ನು ನೋಡಿದರು, ಪುಟ್ಟಯ್ಯನ ಸಿದ್ಧಾಂತವನ್ನು ಕೇಳಿಸಿಕೊಂಡು ಟ್ರೇ ಕೆಳಗಿಟ್ಟರು. ಹಿಂದೆ ಮದುವೆಯಾದ ಹಿರಿಯ ಮೊಮ್ಮಗಳ ಪತ್ರಿಕೆಯ ಒಕ್ಕಣೆಯೇ ಬೇಕೆಂದು ತಾತ ಹಟ ಹಿಡಿದಿದ್ದರು. ಅದು ಹಳೇ ಫಾಂಟಿನಲ್ಲಿ ಟೈಪಾಗಿದ್ದರಿಂದ ಈಗಿನ ಕಂಪ್ಯೂಟರಿನಲ್ಲಿ ಬರೀ ಗೀಚುಗೀಚಾಗಿ ಕಾಣುತ್ತಿತ್ತು. ಅದನ್ನು ಹೊಸ ಫಾಂಟಿಗೆ ಬದಲಾಯಿಸುವ ಬಿಟ್ಟಿ ತಂತ್ರಾಂಶವೊಂದನ್ನು ಯಶೋಧರಾ ಬೆಳಿಗ್ಗೆ ಯಾವುದೋ ಊರುಹೆಸರಿಲ್ಲದ ಸೈಟಿನಿಂದ ಇಳಿಸಿಕೊಂಡಿದ್ದರು. ಅದು ಕೇಳಿದ್ದಕ್ಕೆಲ್ಲ ಹೂಂ ಎಂದು ಒತ್ತಿದ್ದರು.

“ಇದ್ರಲ್ಲಿ ಈ ಹುಡುಗಂದೇನೂ ಇಲ್ಲ. ಕಂಡಿದ್ನೆಲ್ಲಾ ಒಳಗೆ ಬಿಟ್ಕೊಂಡಿದ್ದು ನಾನು,” ಎಂದರು. “ಬೆಳಿಗ್ಗೆ ಎಂಟಕ್ಕೆ ನಾನ್ ನೆಟ್ ತೆಗೆದಾಗ್ಲೂ ಇವ್ರೇ ನಂಗೂ ಕಾಯ್ತಿದ್ರು. ನಾನೇನ್ ಇವ್ರನ್ನ ಹುಡುಕ್ಕೊಂಡ್ ಹೋಗಿದ್ನಾ?”

ಮುತ್ತುರಾಜ್ ಮೇಲ್ ಮುಚ್ಚಿ ಎದ್ದ. ಯಶೋಧರಾ ಇಂಟರ್ನೆಟ್ಟಿನ ವೈರು ಕಿತ್ತು, ಆ ತಂತ್ರಾಂಶವನ್ನೂ ಅದರ ಬಾಲ ಹಿಡಿದು ಬಂದಿದ್ದ ಇನ್ನೊಂದನ್ನೂ ಅಳಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ ವೈರು ಸಿಕ್ಕಿಸಿದರು. ಹತ್ತು ನಿಮಿಷ ಐವರೂ ಪತ್ರಿಕೆಯನ್ನೇ ನೋಡುತ್ತ ಕೂತರು. ಒಬ್ಬಳೂ ಬರಲಿಲ್ಲ.

ಹುಡುಗನ ಮೇಲ್ ಮುಚ್ಚಿತಲ್ಲ, ಇನ್ನೆಲ್ಲಿಂದ ಬರುತ್ತಾರೆ ಎಂದರು ಪುಟ್ಟಯ್ಯ.

ದೊಡ್ಡಬೈರಪ್ಪ ಯಶೋಧರಾ ಅವರಿಗೆ ಕೈಮುಗಿದರು. ಯಾರದೋ ಮನೆಯ ಮದುವೆ ನಿಲ್ಲಬಾರದೆಂದು ಇನ್ನೊಬ್ಬರ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ದೊಡ್ಡ ಮನಸ್ಸಿನ ಹೆಂಗಸು ಎಂದು ಅವರು ತೀರ್ಮಾನಿಸಿದಂತಿತ್ತು. ಅಲ್ಲ ಯಜಮಾನ್ರೇ ಎಂದು ಆಕೆ ಶುರುಮಾಡಿದ ಮಾತು ಅವರ ಕಿವಿಗೆ ಬೀಳಲಿಲ್ಲ. ಪೆನ್ನಿನ ಕ್ಯಾಪು ತೆಗೆದು, ಮುತ್ತುರಾಜ್‌ನ ಹೆಗಲ ಮೇಲೆ ಕೈಯಿಟ್ಟರು.

“ಆಯ್ತು ಬುಡಪ್ಪ, ವಯಸ್ಸು. ನಾನೇನೂ ಮನಸ್ನಾಗೆ ಮಡಿಕ್ಕೊಳಾಕಿಲ್ಲ. ತಪ್ಪಾಯ್ತು ತಾತ ಅನ್ನು ಸಾಕು, ಕ್ಷಮಿಸಿಬುಟ್ಟೆ. ಪತ್ರಿಕೆ ಈಗ್ಲೇ ಪ್ರೆಸ್ಸಿಗೋಗ್ಲಿ.”

ಎರಡು ಮಾತು. ಅಷ್ಟಕ್ಕೆ ಎಲ್ಲರೂ ತಣ್ಣಗಾದ ಕಾಫಿ ಕುಡಿದು ಏಳಬಹುದಿತ್ತು. ಬಿಂದು ಈಗ ಅವನನ್ನೇ ನೋಡುತ್ತಿದ್ದಳು. ಮುತ್ತುರಾಜ್ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿದ.

“ಬೇಡ ತಾತ,” ಎಂದ. “ಮಾಡ್ದೇ ಇರೋ ತಪ್ಪಿಗೆ ನಿಮ್ಮ ಕ್ಷಮೆ ನಂಗೆ ಬೇಡ.”