ಊದದೆ ಇದ್ದ ಜಾಗ

ಲಿಫ್ಟಿನ ಬಾಗಿಲು ಮತ್ತೆ ಹಾಕದೆ ಹೋಗಿದ್ದಾರೆ, ಕುಯ್ ಅಂತ ಅದರ ಗೋಳು ಹೆಡ್‌ಫೋನಿನ ಮೆತ್ತೆ ದಾಟಿ ಬರುತ್ತಿದೆ, ಬಾಗಿಲು ಹಾಕಲೂ ಬಾರದ ಜನ, ಇವರ ನಡುವೆ ಸಂಗೀತಗಾರನಾಗಿ ಬಾಳಬೇಕು — ಕೆಳಮನೆಯ ಹಲ್ಲಿನ ಡಾಕ್ಟರು ಬಂದು ಬಾಗಿಲು ಬಡಿದದ್ದು ಒಂದು ಸಲವೇ, ಸ್ವಲ್ಪ ಮೆಲ್ಲಗೆ ಊದಿ ಸಾರ್, ಪೇಷೆಂಟ್ ಬಾಯಿ ತೆರೆಯೋಕೇ ಹೆದರ್ತಾರೆ, ಆಹಾ, ದಿನವಿಡೀ ಗುಂಯ್‌ಗುಡುತ್ತಾ ಹಲ್ಲು ಕೊರೆಯುವವನಿಗೆ ಟ್ರಂಪೆಟ್ ಕರ್ಕಶವಂತೆ, ಅವನ ದೆಸೆಯಿಂದಲೇ ಈ ಮ್ಯೂಟು ಮನೆಗೆ ಬಂದದ್ದು, ಟ್ರಂಪೆಟ್ಟಿನ ಅಗಲ ಬಾಯಿಗೆ ಬಿರಡೆಯ ಹಾಗೆ ಗಿಡಿಯುವ ಕರಿ ಬುಂಡೆ, ಅದರ ಹೊಟ್ಟೆಯಲ್ಲೊಂದು ಮೈಕು, ಮೈಕಿನಿಂದ ವೈರು, ವೈರಿನ ತುದಿಗೊಂದು ಪುಟ್ಟ ಡಬ್ಬಿ, ಡಬ್ಬಿಯಿಂದ ಹೆಡ್‌ಫೋನು. ಕೋಣೆಗೆ ಸೊಳ್ಳೆಯಷ್ಟು ಸದ್ದು, ಊದುವವನ ಕಿವಿಗೆ ಮಾತ್ರ ಡಬ್ಬಿ ಕೂಡಿಸುವ ದೊಡ್ಡ ಸಭಾಂಗಣದ ಮೊಳಗು, ಕೇಳುವ ಯೋಗ್ಯತೆ ಇದ್ದವನೊಬ್ಬ ಕೇಳಿದರೆ ಸಾಕು. ಸಂಜೆಯೊಳಗೆ ರೆಕಾರ್ಡ್ ಮಾಡಿ ಕಳಿಸಬೇಕಂತೆ, ವಾದ್ಯವೃಂದದ ಮೊದಲ ಟ್ರಂಪೆಟ್ಟಿನ ಕುರ್ಚಿ ಯಾರಿಗೆ ಅಂತ ಕಮಿಟಿ ತೀರ್ಮಾನಿಸುತ್ತದಂತೆ, ತಲೆ ನರೆಯುವ ತನಕ ತಾನು ಕೂತ ಕುರ್ಚಿಗೆ ಈಗ ಪರೀಕ್ಷೆ, ಇದು ಹೋದರೆ ಇನ್ನೇನಿದೆ ಅಂತ ಒಳಗೆ ಚುಳ್ಳೆಂದದ್ದನ್ನು ಅಲ್ಲೇ ಅದುಮಿ — ಪರೀಕ್ಷೆ ಇಡುವವನಾದರೂ ಯಾರು, ಹೆಂಡತಿಯ ತಮ್ಮ, ವಾದ್ಯವೃಂದದ ನಿರ್ದೇಶಕ ಮಹಾಶಯ, ಮನಸ್ಸಿನಲ್ಲಿ ಇವನಿಟ್ಟ ಹೆಸರು ಕೋಲುರಾಯ. ಒಂದ್ಸಲ ಊದೋಕೆ ಕೊಡಿ ಭಾವ ಅಂತ ಹಿಂದೆ ಹಿಂದೆ ಸುತ್ತುತ್ತಿದ್ದವನು, ಈಗ ಎಲ್ಲರೆದುರು ಕೋಲು ಆಡಿಸುತ್ತಾನೆ, ಕೋಲು ಇಲ್ಲದಾಗ ಹಳದಿ ಬಣ್ಣದ ಮೋಟು ಪೆನ್ಸಿಲ್ಲು, ಅದನ್ನು ಕಿವಿಗೆ ಸಿಕ್ಕಿಸಿ, ಕತ್ತು ವಾಲಿಸಿ, ಕಣ್ಣು ಮುಚ್ಚಿ ಕೇಳುವ ಆ ಭಂಗಿ ನೋಡಬೇಕು, ಬಡಗಿಯಾದರೆ ಅದೇ ಪೆನ್ಸಿಲಿನಲ್ಲಿ ಒಂದು ಸ್ಟೂಲನ್ನಾದರೂ ಮಾಡಿಯಾನು. ಭಾವ, ಕಮಿಟಿಯವರು ಹಟ ಹಿಡಿದಿದ್ದಾರೆ, ನನ್ನ ಕೈಲಿ ಏನಿಲ್ಲ — ಕೈಲಿ ಏನಿಲ್ಲವಂತೆ. ರೀ, ನಿಮ್ಮ ಪರ ಮಾತಾಡಿ ಅವರ ಹತ್ರ ಬೈಸಿಕೊಳ್ತಿದ್ದಾನೆ ಅವನು, ಸ್ವಲ್ಪ ಮೆತ್ತಗಿರಿ, ಅಂದಳು ಹೆಂಡತಿ. ತಾನು ಮೆತ್ತಗೇ ಇದ್ದಾನಲ್ಲ, ಇಷ್ಟು ವರ್ಷ ಎದುರಿಗೆ ಒಂದು ಮಾತು ಆಡಿದ್ದಾನೆಯೇ, ಆಡುವುದೆಲ್ಲ ಮೌತ್‌ಪೀಸಿನೊಳಗೆ, ಪಿಟೀಲುಗಳು ಗದ್ದಲ ಎಬ್ಬಿಸುವಾಗ, ತಾನು ಊದದೆ ಕಾಯಬೇಕಾದ ಜಾಗದಲ್ಲಿ, ತುಟಿಗೆ ಒತ್ತಿದ್ದನ್ನು ತೆಗೆಯದೆ ಪಿಸಪಿಸ ಬೈದುಬಿಡುವುದು, ಪಕ್ಕದವನಿಗೂ ಕೇಳಿಸದು, ಎದೆ ಹಗುರಾಗುತ್ತದೆ, ಆಮೇಲೆ ಊದುವ ಸ್ವರ ಚೆನ್ನಾಗಿ ಬೀಳುತ್ತದೆ.

ಇವತ್ತೂ ಹಾಗೇ ಬಿತ್ತು. ಕಿವಿಯಲ್ಲಿ ಮೊದಲೇ ಮುದ್ರಿಸಿದ ಹಿಮ್ಮೇಳದ ಪಿಟೀಲುಗಳು, ರೆಕಾರ್ಡ್ ಆಗುತ್ತಿದೆಯೆಂದು ಡಬ್ಬಿಯ ಕೆಂಪು ದೀಪ, ಎಲ್ಲರೂ ಎಡವುವ ಮೇಲಿನ ಆ ಸ್ವರವನ್ನು ತಡಕಾಡದೆ ಹೋಗಿ ಹಿಡಿದ, ಎರಡನೇ ಕುರ್ಚಿಯ ಆ ಮೀಸೆ ಚಿಗುರಿದವನು ಇದನ್ನು ಹಿಡಿಯುವ ಹೊತ್ತಿಗೆ ಮೀಸೆ ಹಣ್ಣಾಗಿರುತ್ತದೆ, ಆಮೇಲೆ ಪಿಟೀಲುಗಳ ಸರದಿ, ಅವನು ಕಾದ, ಬೈದ, ಮತ್ತೆ ಊದಿದ, ಕೊನೆಯ ಸ್ವರ ನವಿರಾಗಿ ಕರಗಿತು. ಕೇಳಿ ನೋಡದೆ ಕಳಿಸಿಬಿಟ್ಟ, ತಾನು ಊದಿದ್ದನ್ನು ತಾನೇ ತಪಾಸಣೆ ಮಾಡುವುದು ಅಳುಕಿರುವವರ ಕೆಲಸ. ಕೂಡಲೇ ಫೋನಿನಲ್ಲಿ ಕೋಲುರಾಯನ ದನಿ, ಬಂತು ಭಾವ, ಎಲ್ಲರೂ ಬಂದು ಕೂತಿದ್ದಾರೆ, ನಿಮ್ಮದನ್ನೇ ಮೊದಲು ಹಾಕ್ತೀನಿ, ದೊಡ್ಡ ಸ್ಪೀಕರಲ್ಲಿ, ನಾನಂತೂ ಅವರಿಗೆ ಹೇಳಿಬಿಟ್ಟಿದ್ದೀನಿ, ನಮ್ಮ ಭಾವ ಊದೋದನ್ನಲ್ಲ, ಊದದೆ ಇರೋ ಜಾಗ ಕೇಳಿ, ಅಷ್ಟು ಚೆನ್ನಾಗಿ ಕಾಯೋದು ಇನ್ಯಾರಿಗೂ ಬರಲ್ಲ ಅಂತ. ಪರವಾಗಿಲ್ಲ, ಕತ್ತೆಗೂ ಒಂದೊಂದು ಸಲ ಕಿವಿ ಬರುತ್ತದೆ, ಅಂದುಕೊಂಡು, ತಾನೂ ಒಮ್ಮೆ ಸುಖಪಡೋಣವೆಂದು ರೆಕಾರ್ಡು ಹಚ್ಚಿದ — ಆಹಾ, ಆ ಮೇಲಿನ ಸ್ವರ, ಆದರೆ ಪಿಟೀಲುಗಳೆಲ್ಲಿ, ಓ, ಹಿಮ್ಮೇಳ ಬಂದದ್ದು ಕಿವಿಗೆ ಮಾತ್ರ, ರೆಕಾರ್ಡಿಗೆ ಹೋಗುವುದು ಮ್ಯೂಟಿನ ಮೈಕಿಗೆ ಬಂದದ್ದಷ್ಟೇ, ಕೊಳವೆಯಲ್ಲಿ ಬಂದದ್ದಷ್ಟೇ, ಕೊಳವೆಯಲ್ಲಿ ಬಂದದ್ದೆಲ್ಲ — ಖಾಲಿ ಸಭಾಂಗಣ, ಒಂದು ಉಸಿರು, ಆಮೇಲೆ ಅವನದೇ ದನಿ, ಪಿಸುಮಾತೂ ಅಲ್ಲ, ಗೋಡೆಯಿಂದ ಗೋಡೆಗೆ ಬಡಿದು ಮೊಳಗುವ ದನಿ, ಅಕ್ಕನ ಸೆರಗು ಹಿಡ್ಕೊಂಡು ಬೆಳೆದವನೇ, ಪೆನ್ಸಿಲ್ ಸಿಕ್ಕಿಸಿಕೊಂಡ್ರೆ ಕಿವಿ ಬರುತ್ತೇನೋ, ಕತ್ತೆ, ಕತ್ತೆ, ಕತ್ತೆ, ತಾನು ಅಂದದ್ದು ಒಂದೇ ಸಲ, ಉಳಿದದ್ದು ಸಭಾಂಗಣ ಅನ್ನುತ್ತಿದೆ. ಕೋಲುರಾಯನಿಗೆ ಫೋನ್ ಮಾಡಬೇಕು, ಮಾಡಿದ, ಎತ್ತುತ್ತಿಲ್ಲ, ಕೇಳಲು ಕೂತಾಗ ಅವನು ಫೋನ್ ಎತ್ತುವವನಲ್ಲ, ಏನ್ರೀ, ಕಳಿಸಿದ್ರಾ, ತಮ್ಮ ಏನಂದ, ಬಾಗಿಲಲ್ಲಿ ಹೆಂಡತಿ, ಇಷ್ಟು ಹೊತ್ತಿಗೆ ಮೇಲಿನ ಸ್ವರ ಮುಗಿದಿರುತ್ತದೆ, ಇಷ್ಟು ಹೊತ್ತಿಗೆ ಕಮಿಟಿಯವರ ಕಡೆ ಕೈ ಎತ್ತಿ, ಈಗ ಕೇಳಿ, ಈಗ, ಅಂದಿರುತ್ತಾನೆ, ಹೆಮ್ಮೆಯಿಂದ ಕತ್ತು ವಾಲಿಸಿ, ಕಣ್ಣು ಮುಚ್ಚಿ, ಕಿವಿಯ ಮೇಲೆ ಆ ಪೆನ್ಸಿಲ್ಲು, ಹಳದಿ ಪೆನ್ಸಿಲ್ಲು, ಮೋಟು —